ಬಿಸಿಲಿನಲ್ಲಿ ಏರಿದ ನೀರು

ಆ ದಿನ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ ಎಂದು ನಾನು ಹೇಳಿದಾಗಲೆಲ್ಲ ನನ್ನ ಹೆಂಡತಿ ನಗುತ್ತಾಳೆ. "ನೀವು ಹೊಂಟಾಗ ಹನಿ ಬೀಳಾಕತ್ತಿತ್ತು. ವೈಪರ್ ಹಾಕ್ಕೊಂಡು ಹೋದ್ರಿ. ನಾನು ಬಾಗಲಾಗ ನಿಂತು ನೋಡೀನಿ" ಎನ್ನುತ್ತಾಳೆ. ಇರಬಹುದು. ಹೂಸ್ಟನ್‌ನಲ್ಲಿ ಹನಿ ಬಿದ್ದಿರಬಹುದು, ನಾನು ಹೋದ ಊರಿನಲ್ಲಿ ಬಿಸಿಲಿದ್ದಿರಬಹುದು. ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವನು ನಾನು. ಅಳತೆಯಿಲ್ಲದ್ದನ್ನು ನಂಬಬೇಡ ಎಂದು ಕಲಿಸಿದ ಮೇಷ್ಟ್ರುಗಳ ಶಿಷ್ಯ. ನೆನಪಿಗೆ ಅಳತೆಯಿಲ್ಲ. ಆದ್ದರಿಂದ ಈಗ ಡಲ್ಲಾಸ್‌ನಲ್ಲಿ, ಆ ನದಿಯಿಂದ ಸಾಕಷ್ಟು ದೂರ ಕುಳಿತು ಬರೆಯುವಾಗಲೂ ಒಂದೊಂದು ವಾಕ್ಯಕ್ಕೂ ನಿಲ್ಲುತ್ತೇನೆ. ಎರಡನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಒಂದು, ಹುಲ್ಲಿನ ಮೇಲಿದ್ದ ಬಿಸಿಲು. ಇನ್ನೊಂದು, ಆ ಹುಲ್ಲು ತಪ್ಪು ದಿಕ್ಕಿಗೆ ಬಾಗಿದ್ದು.

ತೊಂಬತ್ತರ ದಶಕದ ಕೊನೆ, ದೀಪಾವಳಿಗೆ ಇನ್ನೂ ಸ್ವಲ್ಪ ದಿನ ಇತ್ತು. ಹೂಸ್ಟನ್‌ನ ಸೈಪ್ರೆಸ್‌ನಲ್ಲಿ ಹೊಸದಾಗಿ ಮನೆ ಮಾಡಿದ್ದೆವು. ಹೆಂಡತಿಗೆ ದಿನ ತುಂಬಿತ್ತು. ಬಾಣಂತನಕ್ಕೆ ಬರಬೇಕಾಗಿದ್ದ ಅತ್ತೆಯವರಿಗೆ ವೀಸಾ ಸಿಗಲಿಲ್ಲ. ನನ್ನ ತಾಯಿಗೆ ಅಷ್ಟು ದೂರದ ಪ್ರಯಾಣ ಆಗುತ್ತಿರಲಿಲ್ಲ. ಇನ್ನು ಉಳಿದವರು ಹೆಂಡತಿಯ ಚಿಕ್ಕಮ್ಮ. ಹೆಂಡತಿ ಬಾಗಲಕೋಟೆಯ ಕಡೆಯವಳಾದ್ದರಿಂದ ಚಿಕ್ಕಪ್ಪನನ್ನು ಕಾಕಾ, ಚಿಕ್ಕಮ್ಮನನ್ನು ಕಾಕು ಎನ್ನುತ್ತಿದ್ದಳು. ನಾನೂ ಹಾಗೇ ಕರೆದೆ.

ಕಾಕಾ, ಕಾಕು ಇದ್ದದ್ದು ಆಸ್ಟಿನ್‌ಗೂ ಹೂಸ್ಟನ್‌ಗೂ ನಡುವೆ, ಹೆದ್ದಾರಿಯಿಂದ ಒಳಗೆ, ಕೊಲರಾಡೊ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ. ಚಿತ್ರಗಳಲ್ಲಿ ಕಾಣುವ ದೊಡ್ಡ ಕಣಿವೆಯ ಕೊಲರಾಡೊ ಅಲ್ಲ. ಟೆಕ್ಸಾಸ್‌ನದೇ ಇನ್ನೊಂದು, ಆಸ್ಟಿನ್ ಊರೊಳಗೆ ಹಾದು ಕೆಳಗಿಳಿದು ಸಮುದ್ರ ಸೇರುವಂಥದ್ದು. ಅಲ್ಲಿ ಅವರದೊಂದು ಪೆಟ್ರೋಲ್ ಬಂಕ್, ಅದಕ್ಕೆ ಅಂಟಿಕೊಂಡ ದಿನಸಿ ಅಂಗಡಿ. ದನ ಕಾಯುವವರು, ಹತ್ತಿ ಬೆಳೆಯುವವರು, ಮೀನು ಹಿಡಿಯಲು ಹೋಗುವವರು ಬೆಳಿಗ್ಗೆ ಅಲ್ಲೇ ಕಾಫಿ ಕುಡಿಯುತ್ತಿದ್ದರು. ಕಾಕು ಹಲಪೆನ್ಯೊ ಮೆಣಸಿನಕಾಯಿ ಸೀಳಿ, ಕಡಲೆಹಿಟ್ಟಿನಲ್ಲಿ ಅದ್ದಿ ಮಿರ್ಚಿ ಭಜಿ ಕರಿದಿಟ್ಟರೆ ಟೋಪಿಯ ರೈತರು ಕಣ್ಣಲ್ಲಿ ನೀರು ಸುರಿಸುತ್ತಾ ಇನ್ನೊಂದು ಕೇಳುತ್ತಿದ್ದರು.

ಭಾನುವಾರ ಹೋಗಿ ಕಾಕುವನ್ನು ಕರೆತರುವುದೆಂದು ಮಾತಾಗಿತ್ತು. ಹಿಂದಿನ ದಿನ ರೌಂಡ್ ರಾಕ್‌ನಿಂದ ನನ್ನ ಗೆಳೆಯನ ಫೋನು ಬಂತು. "ಗುರು, ಇಲ್ಲಿ ಏನ್ ಮಳೆ ಅಂತೀಯ! ಆಫೀಸಿನ ಪಾರ್ಕಿಂಗ್ ಲಾಟ್ ಕೆರೆ ಆಗ್ಬಿಟ್ಟಿದೆ. ನನ್ನ ಕಾರಿಗೆ ಈಜು ಬರತ್ತಾ ಅಂತ ನೋಡ್ತಾ ಕೂತಿದೀನಿ."

ನಾನು ನಕ್ಕೆ. ಫೋನ್ ಇಟ್ಟ ಮೇಲೆ ನಗು ನಿಂತಿತು. ಆಸ್ಟಿನ್ ಸುತ್ತ ಬಿದ್ದ ನೀರು ಒಂದು ದಿನದೊಳಗೆ ಎಲ್ಲಿಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಕಾಲೇಜಿನಲ್ಲಿ ಇಂಥ ಲೆಕ್ಕಗಳನ್ನು ಎಷ್ಟೋ ಮಾಡಿದ್ದೆ. ಮೇಲಿನ ಊರಿನಲ್ಲಿ ಇಷ್ಟು ನೀರು, ಕೆಳಗಿನ ಊರಿಗೆ ಯಾವಾಗ, ಎಷ್ಟು? ಆ ಲೆಕ್ಕಗಳ ಕೆಳಗಿನ ಊರಿನಲ್ಲಿ ಯಾರೂ ವಾಸವಾಗಿರುತ್ತಿರಲಿಲ್ಲ. ಕಾಕಾನಿಗೆ ಫೋನ್ ಮಾಡಿದೆ.

"ಇಲ್ಲಿ ಮಸ್ತ್ ಬಿಸಲು ಬಿದ್ದೈತ್ರಿ ಅಳಿಯಂದ್ರ. ನಿಮ್ಮ ಕಾಕು ಶ್ಯಾಂಡಿಗಿ ಹಾಕ್ಯಾಳ" ಎಂದರು.

ಹೆಂಡತಿ ಸೋಫಾದಲ್ಲಿ ಒಂದು ಕಡೆ ವಾಲಿಕೊಂಡು ಕೇಳಿಸಿಕೊಳ್ಳುತ್ತಿದ್ದಳು. ಅವಳು ನದಿಯ ದಂಡೆಯವಳು. "ನಾಳಿ ತನಕ ಕಾಯಬ್ಯಾಡ್ರಿ. ಈಗ ಹೋಗ್ರಿ. ನೀರು ಬಂದ ಮ್ಯಾಲ ದಾರಿ ಇರಂಗಿಲ್ಲ" ಎಂದಳು.

"ನಿನಗೆ ನೋವು ಶುರುವಾದ್ರೆ?"

"ಪಕ್ಕದ ಮನಿ ಆಂಟಿ ಅದಾರ. ಕಾಕು ಬರಲಿಲ್ಲಾಂದ್ರ ಆಮ್ಯಾಲ ನಾವಿಬ್ಬರು ಏನ್ ಮಾಡೂದು? ನಿಮಗ ಕೂಸು ಎತ್ತಾಕ ಬರತೈತೇನು?"

ಬರುತ್ತಿರಲಿಲ್ಲ. ಹೊರಟೆ. ಹೋಗಬೇಕು, ಕಾಕುವನ್ನು ಕೂರಿಸಿಕೊಳ್ಳಬೇಕು, ರಸ್ತೆ ಮುಚ್ಚುವ ಮೊದಲು ತಿರುಗಬೇಕು. ಕೆಲಸ ಇಷ್ಟೇ. ಆದರೆ ಹಿಂದೆ ಒಬ್ಬಳನ್ನು ಬಿಟ್ಟು ಬಂದಿದ್ದೇನೆ, ಮುಂದೆ ನದಿ ಬರುತ್ತಿದೆ. ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿಯುತ್ತಿರಲಿಲ್ಲ.

ಕಾಕಾನ ಊರಿನ ಮುಖ್ಯ ಬೀದಿಯಲ್ಲಿ ಹಬ್ಬದಂಥ ಗದ್ದಲ. ಪೊಲೀಸ್ ಕಾರೊಂದು ಮೈಕಿನಲ್ಲಿ ಕೂಗುತ್ತಾ ಹೋಗುತ್ತಿತ್ತು: ನದಿ ಏರುತ್ತದೆ, ತಗ್ಗಿನಲ್ಲಿರುವವರು ಗುಡ್ಡದ ಮೇಲಿನ ಚರ್ಚಿಗೆ ಹೋಗಿ. ಹಾರ್ಡ್‌ವೇರ್ ಅಂಗಡಿ, ಕ್ಷೌರದ ಅಂಗಡಿ, ದನದ ಮೇವಿನ ಅಂಗಡಿ, ಎಲ್ಲರೂ ಬಾಗಿಲಿಗೆ ಮರಳಿನ ಮೂಟೆ ಒಟ್ಟುತ್ತಿದ್ದರು. ತಲೆಯ ಮೇಲೆ ಸುಡುವ ಬಿಸಿಲು. ನದಿ ಇನ್ನೂ ತನ್ನ ಪಾತ್ರದಲ್ಲೇ, ಕಂದು ಬಣ್ಣಕ್ಕೆ ತಿರುಗಿ, ಸದ್ದಿಲ್ಲದೆ ಹರಿಯುತ್ತಿತ್ತು. ಮಳೆಯಲ್ಲಿ ಹೆದರುವುದು ಸುಲಭ. ಬಿಸಿಲಿನಲ್ಲಿ ಹೆದರಿ ನಿಂತವನಿಗೆ ತನ್ನ ಬುದ್ಧಿಯ ಮೇಲೇ ಅನುಮಾನ ಬರುತ್ತದೆ.

ಕಾಕಾನ ಅಂಗಡಿಯ ಮುಂದೆ ಮರಳಿನ ಮೂಟೆ ಇರಲಿಲ್ಲ. ಬಾಗಿಲೂ ಇರಲಿಲ್ಲ. ಕಾಕಾ ಮುಂಬಾಗಿಲನ್ನು ಬಿಚ್ಚಿ ಗೋಡೆಗೆ ಒರಗಿಸಿ, ಹಿಂಬಾಗಿಲಿನ ಕೀಲು ಬಿಚ್ಚುತ್ತಿದ್ದರು. ಬಾಯಲ್ಲಿ ಸ್ಕ್ರೂಗಳು.

"ಕಾಕಾ, ಏನ್ ಮಾಡ್ತಿದೀರ?"

ಸ್ಕ್ರೂಗಳನ್ನು ಅಂಗೈಗೆ ಉಗುಳಿ, "ಕಾಣವಲ್ದೇನು? ಬಾಗಲಾ ಬಿಚ್ಚಾಕತ್ತೀನ್ರಿ" ಎಂದರು.

ಒಳಗೆ ಕಾಕು ದೊಡ್ಡ ಬಾಣಲೆಯಲ್ಲಿ ಭಜಿ ಕರಿಯುತ್ತಿದ್ದರು, ಮರಳು ಹೊರುವವರಿಗೆಂದು. "ಬರ್ರಿ ಅಳಿಯಂದ್ರ. ಈ ಮನಷ್ಯಾಗ ನೀರು ಅಂದ್ರ ಬಾಗಲಾ ಬಿಚ್ಚೂದೊಂದ ಗೊತ್ತು ನೋಡ್ರಿ. ನನ್ನ ಬಿಚ್ಚಿ ಒಯ್ಯಾಕ ಬರೂದಿಲ್ಲಲ್ಲ, ಅದಕ್ಕ ನನಗ ಕಿಮ್ಮತ್ತಿಲ್ಲ."

ಇದನ್ನು ಬಾಗಲಕೋಟೆಯವರಿಗೆ ವಿವರಿಸಬೇಕಾಗಿಲ್ಲ, ಬೇರೆಯವರಿಗೆ ಹೇಳಬೇಕು. ಅಣೆಕಟ್ಟಿನ ಹಿನ್ನೀರಿಗೆ ಆ ಹಳೆಯ ಊರು ಮುಳುಗುತ್ತದೆಂದು ನಿರ್ಧಾರವಾಗಿ ಬಹಳ ವರ್ಷಗಳಾಗಿದ್ದವು. ಜನ ಅದನ್ನು ಮುಳುಗಡೆ ಎನ್ನುತ್ತಿದ್ದರು. ಅಧಿಕಾರಿಗಳು ಬಂದು ಗೋಡೆ ಅಳೆದು, ನೋಟಿಸು ಕೊಟ್ಟು, ನೀರು ಇಲ್ಲಿಯವರೆಗೆ ಬರುತ್ತದೆ ಎಂದು ಗುರುತು ಹಾಕಿ ಹೋಗಿದ್ದರು. ಊರು ಬಿಡುವವರು ಹಳೆಯ ಸಾಗುವಾನಿ ಬಾಗಿಲು, ಚೌಕಟ್ಟು, ತೊಲೆಗಳನ್ನು ಬಿಚ್ಚಿ ಎತ್ತಿನಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೇರಿಕೊಂಡು ಹೋಗುತ್ತಿದ್ದರು. ಬಾಗಿಲು ಬಂದರೆ ಮನೆ ಬಂದಂತೆ. ಅಲ್ಲಿನ ಓಣಿಯೊಂದರಲ್ಲಿ ಕಾಕಾನ ಮನೆತನದ ಖಣದ ಅಂಗಡಿ ಇತ್ತು. ಕುಬಸದ ಬಟ್ಟೆ ಮಾರುವ ಅಂಗಡಿ. ಅದರ ಬಾಗಿಲನ್ನು ಅವರೇ ಬಿಚ್ಚಿ ಅಣ್ಣನ ಹೊಸ ಮನೆಗೆ ಕೊಟ್ಟು ವಿಮಾನ ಹತ್ತಿದವರು. ಟೆಕ್ಸಾಸ್‌ನ ಅಂಗಡಿಯ ಅಲ್ಯುಮಿನಿಯಂ ಚೌಕಟ್ಟಿನ ಗಾಜಿನ ಬಾಗಿಲನ್ನೂ ಅವರ ಕೈ ಹಾಗೆಯೇ ಬಿಚ್ಚಿತು.

"ಕಾಕಾ, ಹೊರಡೋಣ. ಸಾಯಂಕಾಲದ ಹೊತ್ತಿಗೆ ನೀರು ಬಂದ್ಬಿಡತ್ತೆ."

"ಯಾರು ಹೇಳ್ಯಾರ?"

"ಪೊಲೀಸ್ನೋರು ಕೂಗ್ತಾ ಇದಾರಲ್ಲ!"

"ಅದು ಒದರೂದು. ನೋಟಿಸಲ್ಲ." ಗೋಡೆಯತ್ತ ಕೈ ತೋರಿಸಿದರು. "ಗೆರಿ ಎಲ್ಲೈತಿ? ನಮ್ಮೂರ ಮುಳಗಸಾಕ ಎಷ್ಟ ವರ್ಷ ತಗೊಂಡ್ರು ಗೊತ್ತೈತೇನ್ರಿ? ಗೆರಿ ಹೊಡದು, ನೋಟಿಸ್ ಕೊಟ್ಟು, ಬಾಗಲಾ ಕಿಡಕಿ ಎಣಿಸಿ, ಇನ್ನೂ ಪೂರಾ ಮುಳಗಿಲ್ಲ. ಅಮೇರಿಕಾದಾಗ ಒಂದ ಸಂಜಿಗೆ ಮುಳಗಸ್ತಾರೇನು?"

ನೀರಿನ ಭಯ ಕಾಕಾನಿಗೆ ಇರಲಿಲ್ಲವೆಂದಲ್ಲ. ಬಾಗಿಲು ಬಿಚ್ಚಿದ್ದೇ ಆ ಭಯದಿಂದ. ಆದರೆ ಅವರಿಗೆ ಗೊತ್ತಿದ್ದ ನೀರು ಹೇಳಿ ಕಳಿಸಿ, ಗುರುತು ಹಾಕಿಸಿಕೊಂಡು, ನಿಧಾನವಾಗಿ ಮೆಟ್ಟಿಲು ಹತ್ತಿ ಬರುವ ನೀರು. ನಾನು ನದಿಯನ್ನೇ ನೋಡುತ್ತಾ ನಿಂತೆ. ಅವರೂ ಕೆಲಸದ ನಡುವೆ ತಲೆಯೆತ್ತಿ ನದಿಯನ್ನೇ ನೋಡುತ್ತಿದ್ದರು. ನನ್ನ ಕಾರನ್ನು ಅವರ ಮಾತಿನಂತೆ ನದಿಗೆ ದೂರವಾಗಿ ಅಂಗಡಿಯ ಹಿಂದೆ, ಹುಲ್ಲುಗಾವಲಿನ ಅಂಚಿಗೆ ನಿಲ್ಲಿಸಿದ್ದೆ. ಡಿಕ್ಕಿಯಲ್ಲಿ ಕಾಕುವಿನ ಚೀಲ ಇತ್ತು: ಅಂಟು, ಒಣಕೊಬ್ಬರಿ, ಉತ್ತತ್ತಿ, ಓಮ, ಬಾಣಂತಿಗೆ ಬೇಕಾದ್ದೆಲ್ಲ.

ಮೊದಲು ಶೌಚಾಲಯದ ತೂತಿನಲ್ಲಿ ಗುಳುಗುಳು ಸದ್ದಾಯಿತು. ಯಾರೋ ಗಂಟಲಲ್ಲಿ ನೀರು ಹಾಕಿಕೊಂಡು ಮುಕ್ಕಳಿಸಿದ ಹಾಗೆ. ಕಾಕು ಒಲೆ ಆರಿಸಿ ನನ್ನ ಮುಖ ನೋಡಿದರು. ನಾನು ಹಿಂಬಾಗಿಲಿನ ಜಾಗಕ್ಕೆ ಹೋದೆ. ಬಾಗಿಲಿಲ್ಲದ ಚೌಕಟ್ಟಿನಲ್ಲಿ ಹುಲ್ಲುಗಾವಲು ಚಿತ್ರದ ಹಾಗೆ ಕಾಣುತ್ತಿತ್ತು. ಬಿಸಿಲು ಹೊಳೆಯುತ್ತಿತ್ತು. ಹುಲ್ಲು ಬಾಗುತ್ತಿತ್ತು. ಗಾಳಿಯಿರಲಿಲ್ಲ. ಇಳಿಜಾರು ನದಿಯ ಕಡೆಗಿದ್ದರೂ ಹುಲ್ಲು ನದಿಗೆ ಬೆನ್ನುಮಾಡಿ ಬಾಗುತ್ತಿತ್ತು. ನನಗೆ ಅರ್ಥವಾಗುವ ಹೊತ್ತಿಗೆ ಅದರ ಬುಡದಲ್ಲಿ ಕಂದು ಬಣ್ಣ ಕಾಣಿಸಿತು. ಹಿಂದುಗಡೆ ಒಂದು ತೊರೆ ಇತ್ತು, ನದಿಗೆ ಸೇರುವಂಥದ್ದು. ತುಂಬಿದ ನದಿ ಅದನ್ನು ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೆ ತಳ್ಳಿತ್ತು. ನಾವು ಮುಂಬಾಗಿಲಲ್ಲಿ ಕಾಯುತ್ತಿದ್ದ ನೀರು ಹಿತ್ತಿಲಿನಿಂದ ಬಂದಿತ್ತು.

ಓಡಿಹೋಗಿ ಕಾರು ತೆಗೆಯಬಹುದಿತ್ತೆ? ಈ ಪ್ರಶ್ನೆಗೆ ನನ್ನ ನೆನಪು ದಿನಕ್ಕೊಂದು ಉತ್ತರ ಕೊಡುತ್ತದೆ. ಒಮ್ಮೆ ಚಕ್ರದ ಅರ್ಧದವರೆಗೆ ನೀರು, ಒಮ್ಮೆ ಕಿಟಕಿಯವರೆಗೆ. ನಾನು ಕಂಡದ್ದರಲ್ಲಿ ಖಚಿತವಾದದ್ದು ಕೆಂಪು ಇರುವೆಗಳು. ನೀರಿನ ಮೇಲೆ ತಟ್ಟೆಯಗಲದ ಕೆಂಪು ಮುದ್ದೆಗಳು ತೇಲಿಬರುತ್ತಿದ್ದವು. ಇಡೀ ಗೂಡು ಒಂದನ್ನೊಂದು ಕಚ್ಚಿಕೊಂಡು ತೆಪ್ಪವಾಗಿತ್ತು. ಒಂದು ಮುದ್ದೆ ಹೊಸ್ತಿಲಿಗೆ ತಾಗಿದ್ದೇ ಬಿಡಿಸಿಕೊಂಡು ಗೋಡೆ ಹತ್ತತೊಡಗಿತು. ಕಾಕು ರಟ್ಟೆ ಹಿಡಿದು ಎಳೆದಾಗಲೇ ನಾನು ಅಲುಗಿದ್ದು.

ಮುಂದಿನ ಬೀದಿಗೆ ಬಂದರೆ ಅಲ್ಲೂ ನೀರು ಮೊಣಕಾಲ ಮಟ್ಟ. ಮೇವಿನ ಅಂಗಡಿಯ ಮುದುಕಿ ಟ್ರ್ಯಾಕ್ಟರಿಗೆ ಹುಲ್ಲು ಹೇರುವ ಗಾಡಿ ಕಟ್ಟಿಕೊಂಡು ಒಬ್ಬೊಬ್ಬರನ್ನೇ ಹತ್ತಿಸಿಕೊಳ್ಳುತ್ತಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ಅಂಗಡಿ ನಡೆಸುತ್ತಿದ್ದವಳು. ಕಾಕು ಅವಳನ್ನು ಮೇವಿನಕ್ಕ ಎನ್ನುತ್ತಿದ್ದರು, ಅವಳೂ ಅದಕ್ಕೆ ಓಗೊಡುತ್ತಿದ್ದಳು. ಕಾಕಾ ಮೊದಲು ಬಾಗಿಲುಗಳನ್ನು ಗಾಡಿಗೆ ಏರಿಸಿದರು. ಅವಳು ಸೀಟಿನಿಂದಲೇ ತಿರುಗಿ, ಮನುಷ್ಯರಿಗೆ ಜಾಗವಿಲ್ಲ, ಅವನ್ನು ಬಿಸಾಡು ಎಂದು ಇಂಗ್ಲಿಷಿನಲ್ಲಿ ಅರಚಿದಳು.

"ಮೇವಿನಕ್ಕಾ, ಒದರಬ್ಯಾಡ, ಇವನ್ನ ಕೆಳಗ ಹಾಕಿ ನಾ ಮ್ಯಾಲ ಕುಂದರ್ತೀನಿ" ಎಂದು ಕಾಕು ಕನ್ನಡದಲ್ಲಿ ಅರಚಿದರು. ಇಬ್ಬರಿಗೂ ಅರ್ಥವಾಯಿತು. ಕಾಕು ಬಾಗಿಲುಗಳ ಮೇಲೆ ಕುಳಿತರು, ಪಕ್ಕದಲ್ಲಿ ನಾನು, ಕಾಕಾ, ಇನ್ನೂ ಕೆಲವರು, ಒಂದು ನಾಯಿ.

ಅಂಗಡಿಗೂ ಚರ್ಚಿನ ಗುಡ್ಡಕ್ಕೂ ನಡುವೆ ರಸ್ತೆ ಒಂದು ಕಡೆ ತಗ್ಗಾಗುತ್ತದೆ. ಅಲ್ಲಿಗೆ ಬಂದಾಗ ಟ್ರ್ಯಾಕ್ಟರ್ ಇಳಿಯಿತು. ಹಿಂದಿನ ಗಾಡಿ ಇಳಿಯಲಿಲ್ಲ, ತೇಲಿತು. ಚಕ್ರದ ಕೆಳಗೆ ನೆಲ ಬಿಟ್ಟುಹೋದದ್ದು ಬೆನ್ನುಮೂಳೆಗೆ ತಿಳಿಯುತ್ತದೆ. ಗಾಡಿ ಮೆಲ್ಲಗೆ, ಅವಸರವಿಲ್ಲದೆ, ಅಡ್ಡ ತಿರುಗತೊಡಗಿತು. ಹರಿವು ಇಷ್ಟಿದ್ದರೆ, ಆಳ ಇಷ್ಟಿದ್ದರೆ ಎಷ್ಟು ಭಾರ ತೇಲುತ್ತದೆ ಎಂಬ ಸೂತ್ರ ನನ್ನ ತಲೆಯಲ್ಲಿ ಸ್ಪಷ್ಟವಾಗಿ ಮೂಡಿತು. ಉತ್ತರ ನಮ್ಮ ಪರವಾಗಿರಲಿಲ್ಲ. ಮಗುವಿನ ಮುಖ ನೋಡುವುದಿಲ್ಲ ಅನಿಸಿತು. ಹಾಗೇ ಅನಿಸಿತೋ, ಆಮೇಲೆ ನಾನು ಸೇರಿಸಿಕೊಂಡೆನೋ, ಆಣೆಯಿಟ್ಟು ಹೇಳಲಾರೆ. ಟ್ರ್ಯಾಕ್ಟರಿನ ಎಂಜಿನ್ ಒಮ್ಮೆ ಕೆಮ್ಮಿತು. ಮೇವಿನಕ್ಕ ಹಿಂದೆ ನೋಡಲೇ ಇಲ್ಲ. ಅವಳ ಟೋಪಿ ಮಾತ್ರ ಕಾಣುತ್ತಿತ್ತು. ಆಮೇಲೆ ಎಲ್ಲೋ ಕೆಳಗೆ ಚಕ್ರ ನೆಲಕ್ಕೆ ಬಡಿಯಿತು.

"ಅಳಿಯಂದ್ರ, ಕೈ ಬಿಡ್ರಿ" ಎಂದರು ಕಾಕು. "ಬಳಿ ಒಡದು ರಕ್ತ ಬಂದೈತಿ."

ನೋಡಿದರೆ ಅವರ ಮಣಿಕಟ್ಟನ್ನು ನಾನು ಹಿಡಿದಿದ್ದೆ.

ಚರ್ಚಿನ ಹಾಲ್‌ನಲ್ಲಿ ಒಂದೇ ಫೋನು, ಉದ್ದನೆಯ ಸಾಲು. ನನ್ನ ಸರದಿ ಬಂದಾಗ ಹೊರಗೆ ಇನ್ನೂ ಬೆಳಕಿತ್ತು. ಮನೆಗೆ ಮಾಡಿದೆ. ಗಂಟೆ ಬಾರಿಸುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಹಿಂದಿದ್ದವರು ಕೆಮ್ಮಿದರು, ನಾನು ಇಡಲಿಲ್ಲ. ಸೋಫಾ, ಅದರ ಪಕ್ಕದ ಫೋನು, ಖಾಲಿ ಮನೆಯಲ್ಲಿ ಹೊಡೆದುಕೊಳ್ಳುವ ಆ ಸದ್ದು, ಇವು ಈಗಲೂ ನನಗೆ ನೀರಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತವೆ.

ಹೆಂಡತಿ ಹೇಳುವುದೇ ಬೇರೆ. ಫೋನ್ ಬಂದಾಗ ಪಕ್ಕದ ಮನೆಯ ಆಂಟಿ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲು ಕಾರು ತೆಗೆಯುತ್ತಿದ್ದರಂತೆ. ಅವಳೇ ಎತ್ತಿದಳಂತೆ. ನಾನು, "ಎಲ್ಲಾ ಆರಾಮ್, ಕಾಕು ಜೊತೇಲಿದಾರೆ, ಬರ್ತೀವಿ" ಎಂದೆನಂತೆ. ಸ್ವಲ್ಪವೂ ನಡುಗದ ದನಿಯಲ್ಲಿ. ಆ ಮಾತಿನ ಧೈರ್ಯದಲ್ಲೇ ಅವಳು ನೋವು ತಡೆದುಕೊಂಡಳಂತೆ. ಅವಳು ಸುಳ್ಳು ಹೇಳುವವಳಲ್ಲ. ನನ್ನ ತಲೆಯಲ್ಲಿ ಆ ಮಾತಿನ ಒಂದು ಅಕ್ಷರವೂ ಇಲ್ಲ. ಕಾಕುವನ್ನು ಕೇಳಿದರೆ, "ನೀವು ಏನೋ ಮಾತಾಡಿದ್ರಿ. ಯಾರ ಕೂಡ ಅಂತ ನನಗೇನ್ ಗೊತ್ತು, ನಾನು ಬಳಿ ಚೂರು ತೆಗ್ಯಾಕತ್ತಿದ್ನಿ" ಎಂದುಬಿಟ್ಟರು.

ಮರುದಿನ ರೈತನೊಬ್ಬ ತನ್ನ ಪಿಕಪ್ ಲಾರಿಯಲ್ಲಿ ಕಾಕುವನ್ನೂ ನನ್ನನ್ನೂ ಸುತ್ತುದಾರಿ ಹಿಡಿದು ಹೂಸ್ಟನ್ ಮುಟ್ಟಿಸಿದ. ಮಗಳು ಹುಟ್ಟಿಯಾಗಿತ್ತು. ಕಾಕು ಆಸ್ಪತ್ರೆಯ ಸಿಂಕಿನಲ್ಲಿ ಮೊಣಕೈವರೆಗೆ ಕೆಸರು ತೊಳೆದು ಕೂಸನ್ನು ಎತ್ತಿಕೊಂಡರು. ಅಂಟಿನುಂಡೆಯ ಸಾಮಾನು ನನ್ನ ಕಾರಿನ ಜೊತೆಗೇ ಹೋಗಿತ್ತು.

ಕಾಕಾ ಬರಲಿಲ್ಲ. ಚರ್ಚಿನಲ್ಲೇ ಉಳಿದು, ನೀರು ಇಳಿದ ಕೂಡಲೇ ಅಂಗಡಿಗೆ ಹೋದರು. ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಗೋಡೆಯ ಮೇಲೆ ಕೆಸರಿನ ಗುರುತು ಅವರ ಎದೆಯ ಮಟ್ಟಕ್ಕಿತ್ತಂತೆ. "ಈಗ ಗೆರಿ ಹೊಡದೈತಿ ನೋಡ್ರಿ" ಎಂದು ನಕ್ಕರು. ಹಾರ್ಡ್‌ವೇರ್ ಅಂಗಡಿಯ ಹಿಂದಿನ ಗೋಡೆ ಬಿದ್ದಿತ್ತು, ಇವರದು ನಿಂತಿತ್ತು. ಬಾಗಿಲಿಲ್ಲದ್ದರಿಂದ ನೀರು ಹಾದುಹೋಯಿತು, ಅದಕ್ಕೇ ತಾನು ಬಿಚ್ಚಿದ್ದು ಎಂದು ಕಾಕಾ ಊರಿಗೆಲ್ಲ ಹೇಳಿದರು. ಬಿಚ್ಚುವಾಗ ಅವರು ಹೀಗೆ ಹೇಳಿದ್ದು ನನಗೆ ನೆನಪಿಲ್ಲ. ಆ ಇನ್ನೊಂದು ಗೋಡೆ ಹಳೆಯದು, ತೊರೆಗೆ ಹತ್ತಿರದ್ದು. ಒಳಗೂ ಹೊರಗೂ ನೀರು ಸಮನಾದರೆ ಗೋಡೆ ಉಳಿಯುತ್ತದೆ ಎಂಬುದೂ ನಿಜ. ನಾನು ತೀರ್ಪು ಕೊಡಲಿಲ್ಲ.

ಬಾಗಿಲು ಕೂರಿಸುವ ಮೊದಲೇ ಅಲ್ಲಿ ಕಾಫಿ ಶುರುವಾಗಿತ್ತು. ಬೀದಿಯವರೆಲ್ಲ ಸೇರಿ ಒಂದು ದಿನ ಒಬ್ಬರ ಅಂಗಡಿ, ಮರುದಿನ ಇನ್ನೊಬ್ಬರದು ಎಂದು ಕೆಸರು ಬಳಿಯುತ್ತಿದ್ದರಂತೆ. ಕೂಲಿಯಿಲ್ಲ, ಲೆಕ್ಕವಿಲ್ಲ. "ಇದು ನಮ್ಮ ಮುಯ್ಯಾಳ ಪದ್ಧತಿನ ಐತ್ರಿ. ಹೊಲದಾಗ ಮಾಡೂದನ್ನ ಇವರು ಪ್ಯಾಟ್ಯಾಗ ಮಾಡ್ತಾರ" ಎಂದರು. ಹಿಂದಿನ ದಿನ ಮೇವಿನಕ್ಕನ ಗೋದಾಮು. ಕೊಳೆತ ಹುಲ್ಲಿನ ವಾಸನೆಗೆ ವಾಂತಿ ಬಂತಂತೆ. ತಮ್ಮ ಅಂಗಡಿಯ ಸರದಿಯನ್ನು ಕೊನೆಗೆ ಹಾಕಿ ಎಂದು ಕಾಕಾನೇ ಹೇಳಿದ್ದರು.

ಆ ಸರದಿ ಬಂತೆಂದು ತಿಳಿದ ದಿನ ಕಾಕು ಸೀರೆ ಮಡಚತೊಡಗಿದರು. ಬಾಣಂತನ ಇನ್ನೂ ಮುಗಿದಿರಲಿಲ್ಲ.

"ಕಾಕು, ಹಿಂಗ ನಡುವ ಬಿಟ್ಟು ಹೋಗ್ತೀಯೇನು?" ಹೆಂಡತಿ ಮಡಚುತ್ತಿದ್ದ ಸೀರೆಯ ಅಂಚು ಹಿಡಿದುಕೊಂಡಳು.

"ನಿನಗ ಗಂಡ ಅದಾನ, ಕೂಸಿಗೆ ನೀರು ಹಾಕಾಕ ಕಲಿಸೀನಿ. ಅಲ್ಲಿ ಅಷ್ಟೂ ಮಂದಿ ನನ್ನ ಅಂಗಡಿ ತೊಳ್ಯಾಕ ಬರ್ತಾರ. ಅವರಿಗೆ ಯಾರು ಮಾಡಿ ಹಾಕೂದು? ನಿಮ್ಮ ಕಾಕಾ? ಅವರು ಮಾಡಿದ್ದ ತಿಂದ್ರ ಇನ್ನೊಂದು ಮಹಾಪೂರ ಬಂದಂಗ."

ಹೊಸ ಕಾರಿನಲ್ಲಿ ಅವರನ್ನು ಕರೆದುಕೊಂಡು ಹೊರಟೆ. ಹಿಂದಿನ ಸೀಟಿನಲ್ಲಿ ಎರಡು ಮೂಟೆ ಕಡಲೆಹಿಟ್ಟು. ದಾರಿಯುದ್ದಕ್ಕೂ ಅವರು ಮಾತಾಡಿದರು, ಹೂಸ್ಟನ್ ಬಾಣಂತಿಯರ ಸೊಕ್ಕಿನ ಬಗ್ಗೆ, ಮಗಳ ಮೂಗಿನ ಬಗ್ಗೆ. ಊರು ಸಮೀಪಿಸಿದಂತೆ ಮಾತು ತೆಳ್ಳಗಾಯಿತು. ಬೇಲಿಯ ತಂತಿಗಳಲ್ಲಿ ಒಣಗಿದ ಹುಲ್ಲು, ಪ್ಲಾಸ್ಟಿಕ್, ಯಾರದೋ ಅಂಗಿ, ನನ್ನ ತಲೆಗಿಂತ ಎತ್ತರದಲ್ಲಿ ಸಿಕ್ಕಿಕೊಂಡಿದ್ದವು. ಸೇತುವೆ ಕಂಡಿತು. ಕೆಳಗೆ ನದಿ ಮತ್ತೆ ಮೊದಲಿನಂತೆ ಸಣ್ಣದಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ನಾನು ನಿಧಾನ ಮಾಡಿದೆ. ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗಿತ್ತು.

"ಕಾರು ನಿಂದರಸಬ್ಯಾಡ್ರಿ" ಎಂದರು ಕಾಕು. ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಸೆರಗಿನೊಳಗಿನಿಂದಲೇ ಅಂದರು, "ದಾಟಿದ ಮ್ಯಾಲ ಹೇಳ್ರಿ."

ಗಾಡಿಯ ಮೇಲೆ ನನ್ನ ಕೈಯನ್ನು ಬಿಡಿಸಿದವರು ಇವರೇ. ಆ ಹೊತ್ತು ಅವರಿಗೆ ಹೆದರಿಕೆಯೇ ಆಗಿರಲಿಲ್ಲ ಎಂದು ನಾನು ಅಷ್ಟು ದಿನವೂ ನಂಬಿದ್ದೆ. ಸೇತುವೆಯ ಕೀಲುಗಳ ಮೇಲೆ ಚಕ್ರ ಟಕ್ ಟಕ್ ಎನ್ನುತ್ತಿದ್ದಾಗ ನಾನೂ ನೀರಿನ ಕಡೆ ನೋಡದೆ, ಎದುರಿನ ಬಿಳಿ ಗೆರೆಯನ್ನೇ ಹಿಡಿದು ಹೋದೆ.

"ದಾಟಿದ್ವಿ ಕಾಕು."

"ಖರೇನ?"

"ಖರೇನೇ."

ಸೆರಗು ಸರಿಸಿ, ಕಣ್ಣೊರೆಸಿಕೊಂಡು, ದೂರದಿಂದಲೇ ಅಂಗಡಿಯತ್ತ ಕತ್ತು ಚಾಚಿದರು. ಅಂಗಳದಲ್ಲಿ ಜನ ಸಲಿಕೆ ಹಿಡಿದು ನಿಂತಿದ್ದರು, ನಡುವೆ ಕಾಕಾ ಕಾಫಿ ಹಂಚುತ್ತಿದ್ದರು.

"ನೋಡ್ರಿ ನೋಡ್ರಿ, ಕಾಗದದ ಲೋಟದಾಗ ಬರೇ ಕಾಫಿ ಕೊಡಾಕತ್ತಾರ! ತಿನ್ನಾಕ ಏನೂ ಇಟ್ಟಿಲ್ಲ ಮಂದಿಗೆ. ಜಲ್ದಿ ನಡಸ್ರಿ ಅಳಿಯಂದ್ರ, ಎಣ್ಣಿ ಕಾಯಾಕ ಹೊತ್ತು ಹಿಡಿತೈತಿ."